ಒಂದೇ ನೀರು, ಬೇರೆ ಬೇರೆ ಅಪಾಯ

ಮಕ್ಕಳೇ, ಸಾರಿಗೆ ಒಂದು ಚಮಚ ಉಪ್ಪು ಹಾಕಿದರೆ ರುಚಿ. ಒಂದು ಹಿಡಿ ಹಾಕಿದರೆ ಬಾಯಿಗಿಡಲಾಗದು. ರಾಸಾಯನಿಕಗಳೂ ಹಾಗೆಯೇ. ಅವುಗಳಿಂದ ಹಾನಿಯಾಗುವುದೇ ಇಲ್ಲವೇ ಎಂಬುದು ಅವು ದೇಹ ಸೇರುವ ಪ್ರಮಾಣವನ್ನು ಅವಲಂಬಿಸಿದೆ.

ನಮ್ಮ ಗದಗ ಜಿಲ್ಲೆಯ ಉದಾಹರಣೆ ನೋಡೋಣ. ಮುಂಡರಗಿ ತಾಲ್ಲೂಕಿನ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ನೆಲದಾಳದ ಬಂಡೆಗಳಲ್ಲಿರುವ ಫ್ಲೋರೈಡ್ ನಿಧಾನವಾಗಿ ನೀರಿನಲ್ಲಿ ಕರಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಇದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಸಿಗದಿದ್ದರೆ ಮಾತ್ರ 1.5 ಮಿಲಿಗ್ರಾಂವರೆಗೆ ಇರಬಹುದು.

ಕಣಗಿನಹಾಳದ ಆರನೇ ತರಗತಿಯ ಹುಡುಗಿಯೊಬ್ಬಳು ರಜೆಗೆಂದು ಮುಂಡರಗಿ ಕಡೆಯ ಸೋದರಮಾವನ ಊರಿಗೆ ಹೋದಳು ಎಂದು ಊಹಿಸಿ. ಅಲ್ಲಿನ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದುಕೊಳ್ಳಿ. 60 ಕಿಲೋ ತೂಕದ ಮಾವ ದಿನಕ್ಕೆ 2 ಲೀಟರ್, 20 ಕಿಲೋ ತೂಕದ, ಆರು ವರ್ಷದ ಮಾವನ ಮಗ 1 ಲೀಟರ್ ಕುಡಿಯುತ್ತಾರೆ. ಯಾರಿಗೆ ಅಪಾಯ ಹೆಚ್ಚು?

ಮಾವ: 3 × 2 ÷ 60 = 0.10
ಮಗ: 3 × 1 ÷ 20 = 0.15

ಇದು ಪ್ರತಿ ಕಿಲೋ ತೂಕಕ್ಕೆ ದಿನವೂ ಸೇರುವ ಮಿಲಿಗ್ರಾಂ. ಹುಡುಗ ಕುಡಿದದ್ದು ಅರ್ಧ ನೀರು. ಆದರೂ ಅವನ ದೇಹಕ್ಕೆ ಬಿದ್ದ ಪಾಲು ಒಂದೂವರೆ ಪಟ್ಟು! ಮೇಲಾಗಿ ಅವನ ಶಾಶ್ವತ ಹಲ್ಲುಗಳು ಒಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿವೆ. ಈ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆಗಳು ಮೂಡುತ್ತವೆ. ಮುಂದೆ ಒಳ್ಳೆಯ ನೀರು ಕುಡಿದರೂ ಅವು ಮಾಯವಾಗುವುದಿಲ್ಲ. ಹಲವು ವರ್ಷ ಇದೇ ನೀರು ಕುಡಿದರೆ ಮೂಳೆ, ಕೀಲುಗಳು ಬಿಗಿದು ನೋಯುತ್ತವೆ. ಈ ಕಾಯಿಲೆಯೇ ಫ್ಲೋರೋಸಿಸ್. ಹದಿನೈದು ದಿನ ಇದ್ದು ಬರುವ ಹುಡುಗಿಗೆ ಅಪಾಯ ಬಹಳ ಕಡಿಮೆ.

ಹೀಗೆ ಅಪಾಯವನ್ನು ಅಳೆಯಲು ನಾಲ್ಕು ಪ್ರಶ್ನೆ ಕೇಳಬೇಕು: ವಸ್ತು ಯಾವುದು? ಎಷ್ಟು ಸೇರುತ್ತದೆ? ಎಷ್ಟು ಕಾಲ? ಯಾರ ದೇಹಕ್ಕೆ?

ಎಚ್ಚರ! ಫ್ಲೋರೈಡಿಗೆ ಬಣ್ಣ, ವಾಸನೆ ಇಲ್ಲ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಪ್ರಯೋಗಾಲಯದ ಪರೀಕ್ಷೆಯಿಂದಲೇ ನಿಜ ತಿಳಿಯಬೇಕು. ಅಂಥ ಊರಿನಲ್ಲಿ ಕುಡಿಯಲು ಮಾತ್ರವಲ್ಲ, ಬೇಳೆ ಬೇಯಿಸಲು, ರೊಟ್ಟಿ ಹಿಟ್ಟು ನಾದಲು ಕೂಡ ಶುದ್ಧೀಕರಿಸಿದ ನೀರನ್ನೇ ಬಳಸಬೇಕು.

ಮಾಡಿ ನೋಡಿ: ನೀವು ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತೀರಿ? ಅದನ್ನು ಲೀಟರಿಗೆ ಪರಿವರ್ತಿಸಿ. ನಿಮ್ಮ ಊರಿನ ನೀರಿನ ಪರೀಕ್ಷಾ ವರದಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ನಿಮ್ಮ ತೂಕಕ್ಕೆ ಲೆಕ್ಕ ಹಾಕಿ, ಮನೆಯ ಹಿರಿಯರ ಲೆಕ್ಕದೊಂದಿಗೆ ಹೋಲಿಸಿ.