ಭಾವನ ಮಾತು, ಬಂಕರಿನ ಮರಳು

ಬೆಂಗಳೂರಿನ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ಈ ಲೇಖಕ ಐದನೆಯ ಏಟಿಗೆ ಬಂಕರಿನಿಂದ ಹೊರಬಂದದ್ದನ್ನು ನಾಲ್ವರು ಕಣ್ಣಾರೆ ಕಂಡಿದ್ದಾರೆ. ಅವರಲ್ಲೊಬ್ಬರು ಸ್ವಂತ ಭಾವ. ಸುದ್ದಿಯನ್ನು ಮನೆತನಕ ಮುಟ್ಟಿಸಿದವರೂ ಅವರೇ.

16ನೆಯ ಹೋಲ್, ಪಾರ್ 3. ಟೀಯಿಂದ ಹೊಡೆದ ಚೆಂಡು ಗ್ರೀನಿನ ಎಡಕ್ಕಿದ್ದ ಬಂಕರಿಗೆ ಬಿತ್ತು. ಅದರ ಅಂಚು ಎದೆಯೆತ್ತರ. “ಕೆಳಗಿಂದ ನಯವಾಗಿ ಎತ್ತಯ್ಯ” ಎಂದರು ಭಾವ. ಎತ್ತಲು ಹೋದ ಕ್ಲಬ್ ಚೆಂಡಿನ ನೆತ್ತಿಗೆ ತಾಗಿತು. ಚೆಂಡು ಎದುರಿನ ಗೋಡೆಗೆ ಬಡಿದು ಕಾಲಬುಡಕ್ಕೇ ವಾಪಸಾಯಿತು. ಎರಡನೆಯ ಏಟಿಗೆ ಕ್ಲಬ್ ಮರಳಲ್ಲಿ ಹೂತುಕೊಂಡಿತು, ಚೆಂಡು ಗೇಣಷ್ಟು ಸರಿಯಿತು. ಮೂರನೆಯದು ಅಂಚಿನವರೆಗೂ ಏರಿ, ಅಲ್ಲಿ ಕ್ಷಣ ನಿಂತು, ಉರುಳುತ್ತ ಬಂದು ಇವನದೇ ಬೂಟಿನ ಗುರುತಿನೊಳಗೆ ಕುಳಿತಿತು. 2019ರಿಂದ ಇರುವ ನಿಯಮದಂತೆ 2 ಏಟು ದಂಡ ತೆತ್ತು, ಬಂಕರಿನ ಹಿಂದಕ್ಕೆ ಹೋಗಿ ಹೊರಗೇ ಚೆಂಡು ಬೀಳಿಸಿ ಆಡಬಹುದಿತ್ತು. ಅದು ಗೊತ್ತಿದ್ದೂ ನಾಲ್ಕನೆಯ ಏಟು ಬೀಸಿದ್ದು ಶುದ್ಧ ಹಟಕ್ಕೆ. ಅದಕ್ಕೆ ಭಾವನನ್ನು ದೂರುವಂತಿಲ್ಲ.

ಆ ಏಟೂ ಫಲಿಸದಾಗ ಕ್ಯಾಡಿ ಮೆಲ್ಲಗೆ ಹೇಳಿದ: “ಚೆಂಡು ಮರ್ತ್‌ಬಿಡಿ ಸಾರ್. ಎರಡಿಂಚು ಹಿಂದೆ ಮರಳಿಗೆ ಹೊಡೀರಿ. ಅರ್ಧಕ್ಕೆ ನಿಲ್ಲಿಸ್ಬೇಡಿ.” ಚೆಂಡು ಗ್ರೀನಿಗೆ ಬಂತು. ಎರಡು ಪಟ್ ಸೇರಿ ಕಾರ್ಡಿನಲ್ಲಿ 8.

ಸಮಾಧಾನಕ್ಕೆ ದೊಡ್ಡವರ ಕತೆಗಳಿವೆ. 1978ರ ಬ್ರಿಟಿಷ್ ಓಪನ್. ಸೇಂಟ್ ಆಂಡ್ರೂಸ್‌ನ 17ನೆಯ ಹೋಲಿನಲ್ಲಿ ಜಪಾನಿನ ಟಾಮಿ ನಾಕಾಜಿಮಾ ಎರಡೇ ಏಟಿಗೆ ಗ್ರೀನ್ ಮುಟ್ಟಿದ್ದ. ಅಲ್ಲಿಂದ ಪಟ್ ಮಾಡಿದ ಚೆಂಡು ಉರುಳಿ ಬಂಕರ್ ಸೇರಿತು. ಹೊರಬರಲು ನಾಲ್ಕು ಏಟು, ಒಟ್ಟು 9. 2003ರ ಅದೇ ಟೂರ್ನಿಯಲ್ಲಿ, ರಾಯಲ್ ಸೇಂಟ್ ಜಾರ್ಜಸ್‌ನಲ್ಲಿ ಮುನ್ನಡೆಯಲ್ಲಿದ್ದ ಥಾಮಸ್ ಬಿಯೋರ್ನ್‌ಗೆ 16ನೆಯ ಹೋಲಿನ ಬಂಕರ್ ದಾಟಲು ಮೂರು ಏಟು ಬೇಕಾಯಿತು. ಅದೂ ಪಾರ್ 3! ಒಂದೇ ಏಟಿನ ಅಂತರದಿಂದ ಪ್ರಶಸ್ತಿ ಬೆನ್ ಕರ್ಟಿಸ್ ಪಾಲಾಯಿತು.

ಕ್ಯಾಡಿ ಹೇಳಿದ್ದು ಏಕೆ ಸರಿ ಎಂಬುದು ಬಂಕರಿನ ಕ್ಲಬ್ಬಾದ ಸ್ಯಾಂಡ್ ವೆಜ್‌ನ ತಳ ನೋಡಿದರೆ ತಿಳಿಯುತ್ತದೆ. ಅಮೆರಿಕದ ಜೀನ್ ಸಾರಝೆನ್ ಹಳೆಯ ಕ್ಲಬ್ಬಿನ ತಳಕ್ಕೆ ಲೋಹ ಬೆಸೆದು, ಅದರ ಹಿಂಬದಿ ಮುಂಬದಿಗಿಂತ ಕೆಳಗಿರುವಂತೆ ಮಾಡಿದ. 1932ರ ಬ್ರಿಟಿಷ್ ಓಪನ್ ಗೆದ್ದದ್ದೂ ಅದನ್ನು ಹಿಡಿದೇ. ಬೌನ್ಸ್ ಎನ್ನುವ ಈ ಉಬ್ಬಿನಿಂದ ಕ್ಲಬ್ ಹೂತುಕೊಳ್ಳದೆ ಜಾರುತ್ತದೆ. ಚೆಂಡನ್ನು ಹೊರಗೆ ಎಸೆಯುವುದು ಚಿಮ್ಮುವ ಮರಳು. ಮೊದಲು ಕ್ಲಬ್ಬಿನ ಮುಖ ತೆರೆದು ಆಮೇಲೆ ಹಿಡಿಕೆ ಹಿಡಿಯಿರಿ, ಪಾದ ಊರಿ ನಿಲ್ಲಿ. ಮಳೆ ಬಂದು ಮರಳು ಗಟ್ಟಿಯಾಗಿದ್ದರೆ ಮುಖವನ್ನು ಅಷ್ಟು ತೆರೆಯಬೇಡಿ, ಕ್ಲಬ್ ಪುಟಿಯುತ್ತದೆ. ಹೊಡೆಯುವ ಮುನ್ನ ಚೆಂಡಿನ ಹಿಂದೆ ಮರಳಿಗೆ ಕ್ಲಬ್ ತಾಗಿಸಿದರೆ 2 ಏಟು ದಂಡ. ಇದೇ ತಪ್ಪಿಗೆ 2010ರ ಪಿಜಿಎ ಚಾಂಪಿಯನ್‌ಶಿಪ್‌ನಲ್ಲಿ ಡಸ್ಟಿನ್ ಜಾನ್ಸನ್ ಪ್ಲೇಆಫ್ ಅವಕಾಶ ಕಳೆದುಕೊಂಡ.

ಭಾವ ಈಗಲೂ “ಎತ್ತಯ್ಯ” ಎನ್ನುತ್ತಾರೆ. ಕಳೆದ ತಿಂಗಳು ಅದೇ ಹೋಲಿನಲ್ಲಿ ಅವರ ಕಾರ್ಡಿಗೆ ಬಿದ್ದದ್ದು 9.