ಕ್ಯಾನ್ಸರ್ ತೆಗೆದ ಮೇಲೆ ತುಟಿಯ ಪುನರ್ರಚನೆ

ತುಟಿಯ ಹುಣ್ಣು ಕ್ಯಾನ್ಸರ್ ಎಂದು ವೈದ್ಯರು ತಿಳಿಸಿದಾಗ, ಅನೇಕರು ರೋಗಕ್ಕಿಂತ ಶಸ್ತ್ರಚಿಕಿತ್ಸೆಗೇ ಹೆಚ್ಚು ಅಂಜುತ್ತಾರೆ. ತುಟಿ ಕೊಯ್ದರೆ ನಾಲ್ಕು ಜನರಿಗೆ ಮುಖ ತೋರಿಸುವುದು ಹೇಗೆ ಎಂಬ ಅಳುಕಿನಿಂದ ಊರಿಗೆ ಹಿಂದಿರುಗಿ, ಲೇಪಗಳನ್ನು ಹಚ್ಚುತ್ತ ತಿಂಗಳುಗಳನ್ನು ಕಳೆಯುತ್ತಾರೆ. ಅಂಜಿಕೆ ಸಹಜವಾದುದೇ. ಆದರೆ ತೆಗೆದ ತುಟಿಯನ್ನು ರೋಗಿಯ ಮುಖದ ಮಾಂಸದಿಂದಲೇ ಮತ್ತೆ ಕಟ್ಟುವ ವಿದ್ಯೆ ನೂರು ವರ್ಷಗಳಿಗೂ ಹಳೆಯದು.

ಗಂಟಿನೊಡನೆ ಸುತ್ತಲಿನ ಆರೋಗ್ಯವಂತ ಅಂಚನ್ನೂ ಸ್ವಲ್ಪ ತೆಗೆಯಬೇಕಾಗುತ್ತದೆ. ಇಲ್ಲವಾದರೆ ರೋಗವು ಮರುಕಳಿಸೀತು. ಹೀಗೆ ತೆಗೆದ ಭಾಗವು ತುಟಿಯ ಮೂರನೆಯ ಒಂದು ಪಾಲನ್ನು ಮೀರದಿದ್ದರೆ, ಉಳಿದ ಅಂಚುಗಳನ್ನು ನೇರವಾಗಿ ಕೂಡಿಸಿ ಹೊಲಿಯುವರು. ತುಟಿ ಹಿಗ್ಗುವ ಗುಣವುಳ್ಳದ್ದು. ಬಹುಮಟ್ಟಿಗೆ ಒಂದು ಗೆರೆ ಮಾತ್ರ ಉಳಿಯುತ್ತದೆ. ಬೇಗ ಬಂದವರಿಗೆ ಇರುವ ಲಾಭ ಇದೇ.

ಅದಕ್ಕಿಂತ ಹೆಚ್ಚು ಹೋದಾಗ ಒಂದು ತುಟಿಗೆ ಇನ್ನೊಂದು ತುಟಿ ಸಾಲ ಕೊಡುತ್ತದೆ. ಮೇಲ್ದುಟಿಯ ತ್ರಿಕೋನಾಕಾರದ ತುಣುಕೊಂದನ್ನು, ರಕ್ತನಾಳವಿರುವ ಒಂದು ಅಂಚಿನಲ್ಲಿ ಅಂಟಿಕೊಂಡಿರುವಂತೆ ಬಿಟ್ಟು, ಕೆಳಕ್ಕೆ ತಿರುಗಿಸಿ ಕೆಳದುಟಿಯ ಖಾಲಿ ಜಾಗಕ್ಕೆ ಹೊಲಿಯುತ್ತಾರೆ. 1898ರಲ್ಲಿ ಕೆಳದುಟಿಯ ತುಣುಕಿನಿಂದ ಮೇಲ್ದುಟಿಯನ್ನು ಸರಿಪಡಿಸಿದ ನ್ಯೂಯಾರ್ಕಿನ ಶಸ್ತ್ರವೈದ್ಯ ರಾಬರ್ಟ್ ಆಬೆಯವರ ಹೆಸರಿನಿಂದಲೇ ಈ ಕ್ರಮವನ್ನು ಕರೆಯುವರು. ಹೊಸ ಜಾಗದಿಂದ ರಕ್ತ ದೊರೆಯತೊಡಗುವವರೆಗೆ, ಅಂದರೆ ಎರಡು-ಮೂರು ವಾರ, ಎರಡು ತುಟಿಗಳ ನಡುವೆ ಮಾಂಸದ ಸೇತುವೆಯಿರುತ್ತದೆ. ಬಳಿಕ ಅದನ್ನು ಕತ್ತರಿಸಿ ಬಾಯಿ ಬಿಡಿಸುವರು.

ಈ ವಾರಗಳೇ ಕಠಿಣವಾದವು. ಸೇತುವೆಯ ಎರಡು ಬದಿಯ ಸಂದಿನಿಂದ ಗಂಜಿ, ಮಜ್ಜಿಗೆ, ಸೋಸಿದ ಬೇಳೆಕಟ್ಟನ್ನು ನಿಧಾನವಾಗಿ ಕುಡಿಸಬೇಕು, ಪ್ರತಿ ಸಲವೂ ಬಾಯಿ ಶುಚಿಗೊಳಿಸಬೇಕು, ಬಾಯಿ ಅಗಲಿಸಗೊಡಬಾರದು. ಗಂಡ ಹಾಸಿಗೆ ಹಿಡಿದರೆ ಹೆಂಡತಿ ಇದನ್ನೆಲ್ಲ ಹೇಳದೆಯೇ ಮಾಡುತ್ತಾಳೆ. ಹೆಂಡತಿ ರೋಗಿಯಾದಾಗ ಗಂಡನು ಅತ್ತೆಯ ಮೇಲೋ ಮಗಳ ಮೇಲೋ ಭಾರ ಹಾಕಿ ಹೊರಗೆ ನಿಲ್ಲುವುದು ಸಲ್ಲದು. ಕ್ಯಾನ್ಸರ್ ಅಂಟುರೋಗವಲ್ಲ, ಒಟ್ಟಿಗೆ ಕುಳಿತು ಉಣ್ಣಲು ಯಾವ ಅಡ್ಡಿಯೂ ಇಲ್ಲ.

ತುಟಿ ಪೂರ್ತಿ ಹೋದವರಿಗೆ ಕೆನ್ನೆಯ ಮಾಂಸವನ್ನಾಗಲಿ, ಮುಂಗೈಯ ಚರ್ಮವನ್ನಾಗಲಿ ಬಳಸುತ್ತಾರೆ.

ಹೊಸ ತುಟಿ ಮೊದಲಿನ ತುಟಿಯಂತೆಯೇ ಇರುವುದೆಂದು ಹೇಳಲಾಗದು. ಬಾಯಿ ಕಿರಿದಾಗಬಹುದು, ವೈದ್ಯರು ಹೇಳಿಕೊಟ್ಟ ವ್ಯಾಯಾಮದಿಂದ ಅದು ಕ್ರಮೇಣ ಸಡಿಲವಾಗುತ್ತದೆ. ಸ್ಪರ್ಶಜ್ಞಾನ ಮರಳಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಕಾಫಿಯ ಬಿಸಿ ತಿಳಿಯದೆ ತುಟಿ ಸುಟ್ಟುಕೊಳ್ಳುವ ಸಂಭವವಿರುವುದರಿಂದ, ಲೋಟ ಕೊಡುವವರೇ ಬಿಸಿ ನೋಡಿ ಕೊಡಬೇಕು. ಬೀಡಿ ಸೇದಿದರೆ ಕಸಿಗೆ ಹರಿಯುವ ರಕ್ತ ಕುಗ್ಗಿ ಹೊಲಿಗೆ ಕೆಡುತ್ತದೆ. ಬೀಡಿ, ಹೊಗೆಸೊಪ್ಪು, ಗುಟ್ಕಾಗಳನ್ನು ಪೂರ್ತಿಯಾಗಿ ಬಿಡತಕ್ಕದ್ದು. ಗಾಯ ಮಾಯ್ದ ಮೇಲೂ ವೈದ್ಯರು ಹೇಳಿದ ದಿನಗಳಂದು ಹೋಗಿ, ಕತ್ತಿನಲ್ಲಿ ಗಂಟು ಎದ್ದಿದೆಯೇ ಎಂದು ಪರೀಕ್ಷೆ ಮಾಡಿಸಿಕೊಳ್ಳಬೇಕು.