ಲಿವರ್ ಪರೀಕ್ಷೆಯ ಚೀಟಿ ಓದೋಣ



ನೀವು ಈಗ ಓದು ಬರಹ ಕಲಿತಿದ್ದೀರಿ. ಊರಿನಿಂದ ಮೊಬೈಲಿಗೆ ಬಂದ ಮೆಸೇಜು ಓದುತ್ತೀರಿ. ಕೂಲಿಯ ಲೆಕ್ಕ ಬರೆದಿಡುತ್ತೀರಿ. ಆದರೆ ಆಸ್ಪತ್ರೆಯಿಂದ ತಂದ ರಕ್ತ ಪರೀಕ್ಷೆಯ ಚೀಟಿಯನ್ನು ಮಾತ್ರ ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಬಿಡುತ್ತೀರಿ. "ಅದೆಲ್ಲ ಡಾಕ್ಟರಿಗೆ ತಿಳಿಯೋದು, ನಮಗೇನು ಗೊತ್ತಾಗತದ?" ಅನ್ನುತ್ತೀರಿ. ಹಾಗನ್ನಬೇಡಿ. ರಕ್ತ ನಿಮ್ಮದು, ಚೀಟಿಯೂ ನಿಮ್ಮದು. ಬನ್ನಿ, ಇವತ್ತು ಲಿವರ್ ಪರೀಕ್ಷೆಯ ಚೀಟಿ ಓದುವುದನ್ನು ಕಲಿಯೋಣ.

ಲಿವರ್ ಎಲ್ಲಿದೆ? ಏನು ಮಾಡುತ್ತದೆ?

ಬಲಗೈಯನ್ನು ಬಲಗಡೆಯ ಪಕ್ಕೆಲುಬಿನ ಕೆಳತುದಿಯ ಮೇಲೆ ಇಡಿ. ಅದರ ಒಳಗೆ ಲಿವರ್ ಇದೆ. ಪುಸ್ತಕದಲ್ಲಿ ಇದನ್ನು ಯಕೃತ್ತು, ಪಿತ್ತಜನಕಾಂಗ ಎಂದು ಬರೆಯುತ್ತಾರೆ. ಮಟನ್ ಅಂಗಡಿಯಲ್ಲಿ ಕಲೀಜ ಅನ್ನುತ್ತಾರಲ್ಲ, ಅದೇ. ದೊಡ್ಡವರ ಲಿವರ್ ಸುಮಾರು ಒಂದೂವರೆ ಕಿಲೋ ತೂಗುತ್ತದೆ.

ಲಿವರ್ ಹಗಲು ರಾತ್ರಿ ದುಡಿಯುತ್ತದೆ. ಕೊಬ್ಬು ಕರಗಿಸಲು ಪಿತ್ತರಸ ಮಾಡುತ್ತದೆ. ಉಂಡ ಊಟದ ಸಕ್ಕರೆಯನ್ನು ಕೂಡಿಡುತ್ತದೆ. ರಕ್ತದಲ್ಲಿ ಸೇರಿದ ವಿಷವನ್ನು ಶುದ್ಧ ಮಾಡುತ್ತದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುವನ್ನೂ ಅದೇ ಮಾಡುತ್ತದೆ.

ಹಲ್ಲು ಕೆಟ್ಟರೆ ನೋವು ಬರುತ್ತದೆ. ಲಿವರ್ ಹಾಗಲ್ಲ. ಬಹಳ ದಿನ ಸುಮ್ಮನೆ ತಾಳಿಕೊಳ್ಳುತ್ತದೆ. ಹೊರಗೆ ಗೊತ್ತಾಗುವ ಹೊತ್ತಿಗೆ ಅರ್ಧ ಕೆಟ್ಟಿರಬಹುದು. ಅದಕ್ಕೇ ರಕ್ತ ಪರೀಕ್ಷೆ ಬೇಕು.

ಮಾತುಕತೆ

ಗೋವಾದಲ್ಲಿ ಕಟ್ಟಡ ಕೆಲಸ ಮಾಡುವ ಅಕ್ಕ ತಮ್ಮ ಮಾತನಾಡುತ್ತಿದ್ದಾರೆ. ಜೋರಾಗಿ ಓದಿ.

ಅಕ್ಕ: ತಮ್ಮಾ, ಬೆಳಕಿಗೆ ಬಾ. ನಿನ್ನ ಕಣ್ಣು ಹಳದಿ ಆಗ್ಯಾವ.

ತಮ್ಮ: ಏನಿಲ್ಲ ಅಕ್ಕಾ. ಬಿಸಿಲಾಗ ಸ್ಲ್ಯಾಬ್ ಹಾಕೂ ಕೆಲಸ. ಉಷ್ಣ ಆಗೇತಿ.

ಅಕ್ಕ: ಊಟ ಸೇರವಲ್ದು ಅಂತಿ. ಮೂತ್ರ ಯಾವ ಬಣ್ಣ ಐತಿ?

ತಮ್ಮ: ಕಡಕ್ ಚಹಾದ ಬಣ್ಣ ಐತಿ. ಹಬ್ಬಕ್ಕ ಊರಿಗೆ ಹೋದಾಗ ಕಾಮಣಿ ಔಷಧ ಹಾಕಿಸ್ಕೋತೀನಿ ಬಿಡು.

ಅಕ್ಕ: ಹಬ್ಬಕ್ಕ ಇನ್ನೂ ಒಂದು ತಿಂಗಳ ಐತಿ. ನಾಳಿನ ಪಗಾರ ಹೋದ್ರ ಹೋಗ್ಲಿ. ದವಾಖಾನಿಗೆ ಹೋಗೂಣು ನಡಿ.

ಅಕ್ಕ ಹೇಳಿದ್ದೇ ಸರಿ. ಕಣ್ಣು ಹಳದಿ, ಮೂತ್ರ ಕಡು ಬಣ್ಣ, ಊಟ ಸೇರದಿರುವುದು ಇವು ಕಾಮಾಲೆಯ ಗುರುತು. ನಾವು ಕಾಮಣಿ ಅನ್ನುತ್ತೇವೆ. ಹಿಂದಿಯಲ್ಲಿ ಪೀಲಿಯಾ ಅನ್ನುತ್ತಾರೆ. ಗೋವಾದ ಡಾಕ್ಟರು ಪೀಲಿಯಾ ಎಂದರೆ ಇದೇ ಎಂದು ತಿಳಿಯಿರಿ.

ಚೀಟಿಯಲ್ಲಿ ಮೂರು ಕಾಲಂ

ತೋಳಿನ ನರದಿಂದ ಸ್ವಲ್ಪ ರಕ್ತ ತೆಗೆದು ಪರೀಕ್ಷೆ ಮಾಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬರಬೇಕೇ ಎಂದು ಮೊದಲೇ ಕೇಳಿಕೊಳ್ಳಿ. ಆಮೇಲೆ ಚೀಟಿ ಕೊಡುತ್ತಾರೆ. ಅಕ್ಷರ ಇಂಗ್ಲಿಷಿನಲ್ಲಿ ಇರುತ್ತವೆ. ಹೆದರಬೇಡಿ. ಅಂಕಿಗಳು ನೀವು ಕಲಿತ ಅಂಕಿಗಳೇ.

ಮೊದಲ ಕಾಲಂ: ಪರೀಕ್ಷೆಯ ಹೆಸರು.

ಎರಡನೆಯ ಕಾಲಂ: ನಿಮ್ಮ ರಕ್ತದಲ್ಲಿ ಸಿಕ್ಕ ಅಂಕಿ.

ಮೂರನೆಯ ಕಾಲಂ: ಆರೋಗ್ಯವಂತರಲ್ಲಿ ಎಷ್ಟರಿಂದ ಎಷ್ಟರವರೆಗೆ ಇರುತ್ತದೆ ಎಂಬ ಮಿತಿ.

ಎರಡನೆಯ ಕಾಲಂ ಅನ್ನು ಮೂರನೆಯದರ ಜೊತೆ ಹೋಲಿಸಿ. ಮಿತಿಯ ಒಳಗಿದೆಯೇ? ಹೆಚ್ಚಿದೆಯೇ? ಕಡಿಮೆ ಇದೆಯೇ? ಮಿತಿ ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಬೇರೆ ಇರುತ್ತದೆ. ಆದ್ದರಿಂದ ನಿಮ್ಮ ಚೀಟಿಯಲ್ಲಿ ಬರೆದ ಮಿತಿಯನ್ನೇ ನೋಡಿ. ಹೆಸರು ಓದಲು ಬಾರದಿದ್ದರೆ ನರ್ಸಮ್ಮನನ್ನು ಕೇಳಿ, ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಳ್ಳಿ.

ಹೆಸರುಗಳ ಅರ್ಥ

ಬಿಲಿರುಬಿನ್: ಇದು ಹಳದಿ ಬಣ್ಣದ ವಸ್ತು. ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕಿ ಒಡೆಯುತ್ತವೆ. ಆಗ ಇದು ಹುಟ್ಟುತ್ತದೆ. ಲಿವರ್ ಇದನ್ನು ಪಿತ್ತರಸದ ಜೊತೆ ಹೊರಗೆ ಹಾಕುತ್ತದೆ. ಲಿವರ್ ಸೋತರೆ, ಅಥವಾ ಪಿತ್ತದ ದಾರಿಯಲ್ಲಿ ಕಲ್ಲು ಅಡ್ಡ ಬಂದರೆ, ಇದು ರಕ್ತದಲ್ಲೇ ಉಳಿದು ಕಣ್ಣು ಹಳದಿ ಮಾಡುತ್ತದೆ.

ಎಸ್‌ಜಿಒಟಿ, ಎಸ್‌ಜಿಪಿಟಿ: ಇವು ಲಿವರ್ ಕಣಗಳ ಒಳಗೆ ಇರುವ ವಸ್ತುಗಳು. ಗೋಣಿಚೀಲ ಹರಿದರೆ ಅಕ್ಕಿ ಹೊರಗೆ ಚೆಲ್ಲುತ್ತದೆ. ಹಾಗೆಯೇ ಲಿವರ್ ಕಣ ಹರಿದರೆ ಇವು ರಕ್ತಕ್ಕೆ ಚೆಲ್ಲುತ್ತವೆ. ಎಸ್‌ಜಿಒಟಿ ಮಾಂಸಖಂಡದಲ್ಲೂ ಇದೆ. ಬಹಳ ಭಾರ ಹೊತ್ತವರಲ್ಲಿ ಅದು ಏರಿರಬಹುದು. ನಿಮ್ಮ ಕೆಲಸ ಏನೆಂದು ಡಾಕ್ಟರಿಗೆ ಹೇಳಿ.

ಎಎಲ್‌ಪಿ: ಪಿತ್ತದ ದಾರಿ ಕಟ್ಟಿಕೊಂಡರೆ ಇದು ಏರುತ್ತದೆ. ಬೆಳೆಯುವ ಮಕ್ಕಳಲ್ಲಿ, ಬಸುರಿಯರಲ್ಲಿ ರೋಗವಿಲ್ಲದೆಯೂ ಹೆಚ್ಚಿರುತ್ತದೆ.

ಅಲ್ಬುಮಿನ್: ಇದು ಲಿವರ್ ತಯಾರಿಸುವ ಪ್ರೋಟೀನು. ಇದು ಹೆಚ್ಚಲ್ಲ, ಕಡಿಮೆಯಾದರೆ ಚಿಂತೆ. ಬಹಳ ಕಡಿಮೆಯಾದರೆ ಕಾಲು ಬಾಯುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ.

ಒಂದು ಚೀಟಿ ಓದೋಣ

ಇದು ಪಾಠಕ್ಕಾಗಿ ಬರೆದ ಮಾದರಿ. ಮಾತುಕತೆಯ ತಮ್ಮನ ಚೀಟಿ ಎಂದುಕೊಳ್ಳಿ.

ಬಿಲಿರುಬಿನ್: 4.6 (ಮಿತಿ 0.3 ರಿಂದ 1.2)

ಎಸ್‌ಜಿಒಟಿ: 212 (ಮಿತಿ 40 ರವರೆಗೆ)

ಎಸ್‌ಜಿಪಿಟಿ: 98 (ಮಿತಿ 40 ರವರೆಗೆ)

ಎಎಲ್‌ಪಿ: 128 (ಮಿತಿ 40 ರಿಂದ 130)

ಅಲ್ಬುಮಿನ್: 2.9 (ಮಿತಿ 3.5 ರಿಂದ 5.0)

ಬಿಲಿರುಬಿನ್ ಹೆಚ್ಚಿದೆ, ಅದಕ್ಕೇ ಕಣ್ಣು ಹಳದಿ. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಏರಿವೆ, ಚೀಲ ಹರಿದಿದೆ. ಎಸ್‌ಜಿಒಟಿ ಇನ್ನೊಂದರ ಎರಡು ಪಟ್ಟಿಗಿಂತ ಹೆಚ್ಚಿದೆ. ಹೀಗಿದ್ದರೆ ಡಾಕ್ಟರು ಮೊದಲು "ಕುಡಿಯುತ್ತೀಯಾ?" ಎಂದು ಕೇಳುತ್ತಾರೆ. ಅಲ್ಬುಮಿನ್ ಕಡಿಮೆ ಇದೆ. ಅದು ಒಂದೆರಡು ದಿನದಲ್ಲಿ ಇಳಿಯುವುದಿಲ್ಲ. ಎಂದರೆ ಈ ತೊಂದರೆ ಮೊನ್ನೆ ಮೊನ್ನೆಯದಲ್ಲ ಅನ್ನಿಸುತ್ತದೆ. ತಮ್ಮ ಇದನ್ನು ಬರೀ ಉಷ್ಣ ಎಂದುಕೊಂಡಿದ್ದ!

ಆದರೆ ಚೀಟಿ ನೋಡಿ ನಾವೇ ರೋಗದ ಹೆಸರು ಹೇಳಬಾರದು. ಡಾಕ್ಟರು ಹೊಟ್ಟೆ ಮುಟ್ಟಿ ನೋಡುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ, ಬೇರೆ ಪರೀಕ್ಷೆ ಬರೆಯುತ್ತಾರೆ. ಇನ್ನೊಂದು ಮಾತು. ಚೀಲದಲ್ಲಿ ಅಕ್ಕಿಯೇ ಮುಗಿದಿದ್ದರೆ ಚೆಲ್ಲುವುದು ಏನು? ಲಿವರ್ ಗಂಟುಗಂಟಾಗಿ ಗಟ್ಟಿಯಾದವರಲ್ಲಿ ಎಸ್‌ಜಿಪಿಟಿ ಮಿತಿಯೊಳಗೇ ಇರಬಹುದು. ಈ ರೋಗಕ್ಕೆ ಸಿರೋಸಿಸ್ ಎಂದು ಹೆಸರು. ಒಂದೇ ಅಂಕಿ ಸರಿ ಇದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಹಳೆಯ ಚೀಟಿಗಳನ್ನು ಬಿಸಾಡಬೇಡಿ. ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯಲು ಅವು ಬೇಕು.

ಲಿವರ್ ಏಕೆ ಕೆಡುತ್ತದೆ?

1. ಕೊಳಕು ನೀರು. ಹೆಪಟೈಟಿಸ್ ಎ ಮತ್ತು ಇ ರೋಗಾಣುಗಳು ನೀರು, ಊಟದಿಂದ ಬರುತ್ತವೆ. ಮಳೆಗಾಲದಲ್ಲಿ ಕುಡಿಯುವ ನೀರಿಗೆ ಚರಂಡಿ ನೀರು ಸೇರಿದರೆ ಅಪಾಯ. ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ. ಸಂಡಾಸಕ್ಕೆ ಹೋಗಿ ಬಂದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಬಸುರಿಗೆ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ. ತಡ ಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

2. ರಕ್ತ, ಸೂಜಿ, ಬ್ಲೇಡು. ಹೆಪಟೈಟಿಸ್ ಬಿ ಮತ್ತು ಸಿ ಹೀಗೆ ಹರಡುತ್ತವೆ. ಬಿ ರೋಗಾಣು ಲೈಂಗಿಕ ಸಂಪರ್ಕದಿಂದ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ಬರುತ್ತದೆ. ಕ್ಷೌರದ ಅಂಗಡಿಯಲ್ಲಿ ಹೊಸ ಬ್ಲೇಡು ಕೇಳಿ. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಈ ರೋಗಾಣುವನ್ನು ಕಂಡುಹಿಡಿದ ಅಮೆರಿಕದ ವಿಜ್ಞಾನಿ ಬರೂಕ್ ಬ್ಲುಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವರ ಹುಟ್ಟುಹಬ್ಬವಾದ ಜುಲೈ 28 ವಿಶ್ವ ಹೆಪಟೈಟಿಸ್ ದಿನ. 2018ರಲ್ಲಿ ಅದೇ ದಿನ ನಮ್ಮ ದೇಶದಲ್ಲಿ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಇದರಲ್ಲಿ ಪರೀಕ್ಷೆ, ಔಷಧ ಉಚಿತ. ಹೆಪಟೈಟಿಸ್ ಸಿ ಈಗ ಮಾತ್ರೆಯಿಂದ ವಾಸಿಯಾಗುತ್ತದೆ. ಹೆಚ್ಚಿನವರಿಗೆ 12 ವಾರ ಮಾತ್ರೆ ಸಾಕು. ಬಿ, ಸಿ ಇರುವವರ ಜೊತೆ ಕೂತು ಉಂಡರೆ ರೋಗ ಬರುವುದಿಲ್ಲ. ಅವರ ತಟ್ಟೆ ಬೇರೆ ಇಡಬೇಡಿ.

3. ಕುಡಿತ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ದುಡಿಯಲು ಬಂದವರು ಗೋವಾದಲ್ಲಿ ಬಹಳ ಮಂದಿ ಇದ್ದಾರೆ. ದಿನವಿಡೀ ಮೈಮುರಿದು ದುಡಿದು, ಸಂಜೆ ನೋವು ಮರೆಯಲು ಕುಡಿಯುವವರೂ ಇದ್ದಾರೆ. "ಬಿಯರ್ ತಂಪು, ಫೆನಿ ಹಣ್ಣಿನ ರಸ, ಏನೂ ಆಗಲ್ಲ" ಅನ್ನುತ್ತಾರೆ. ಲೆಕ್ಕ ಮಾಡಿ ನೋಡೋಣ. 100 ಮಿಲಿ ಬಿಯರಿನಲ್ಲಿ ಸುಮಾರು 5 ಮಿಲಿ ಆಲ್ಕೋಹಾಲ್ ಇದೆ. 650 ಮಿಲಿಯ ಬಾಟಲಿಯಲ್ಲಿ ಸುಮಾರು 32 ಮಿಲಿ ಆಯಿತು. 100 ಮಿಲಿ ಫೆನಿಯಲ್ಲಿ ಸುಮಾರು 42 ಮಿಲಿ ಇದೆ. 75 ಮಿಲಿ ಫೆನಿಯಲ್ಲೂ ಸುಮಾರು 32 ಮಿಲಿ ಆಯಿತು. ಬಾಟಲಿ ಬೇರೆ, ಲಿವರಿಗೆ ಬೀಳುವ ಹೊರೆ ಒಂದೇ. ಇಷ್ಟು ಕುಡಿದರೆ ತೊಂದರೆಯಿಲ್ಲ ಎಂಬ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ದಿನವೂ ಬಹಳ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು. ಆದ್ದರಿಂದ ಡಾಕ್ಟರ ಸಹಾಯದಿಂದ ಬಿಡಿ. ಬಿಟ್ಟರೆ ಲಾಭ ಉಂಟು. ಪೂರ್ತಿ ಗಟ್ಟಿಯಾಗದ ಲಿವರ್ ಮತ್ತೆ ಚೇತರಿಸಿಕೊಳ್ಳುತ್ತದೆ.

4. ತಾವೇ ನುಂಗುವ ಮಾತ್ರೆ. ಮೈನೋವಿಗೆಂದು ಪ್ಯಾರಾಸಿಟಮಾಲ್ ಮೇಲಿಂದ ಮೇಲೆ ನುಂಗಬೇಡಿ. ಕುಡಿಯುವವರಿಗೆ ಅದು ಇನ್ನೂ ಅಪಾಯ. ಟಿಬಿ ಮಾತ್ರೆ ತಿನ್ನುವಾಗ ಕಣ್ಣು ಹಳದಿಯಾದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

5. ಕೊಬ್ಬು. ಕುಡಿಯದವರಿಗೂ ಲಿವರಿನಲ್ಲಿ ಕೊಬ್ಬು ತುಂಬಬಹುದು. ಸಕ್ಕರೆ ಕಾಯಿಲೆ, ದೊಡ್ಡ ಹೊಟ್ಟೆ ಇರುವವರಿಗೆ ಇದು ಹೆಚ್ಚು. ಕರಿದದ್ದು, ಸಿಹಿ ಕಡಿಮೆ ಮಾಡಿ. ರೊಟ್ಟಿ, ಕಾಳು, ಸೊಪ್ಪು ಉಣ್ಣಿ. ನಡೆಯಿರಿ.

ಬರೆ ಹಾಕಿಸಿದರೆ ಕಾಮಣಿ ಹೋಗುತ್ತದೆಯೇ?

ಇಲ್ಲ. "ನಮ್ಮಜ್ಜಗ ಹೋಗಿತ್ತಲ್ಲ?" ಎಂದು ನೀವು ಕೇಳಬಹುದು. ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಬರೆಗೆ ಬರುತ್ತದೆ. ಆದರೆ ಕಾಮಾಲೆ ಕುಡಿತದಿಂದಲೋ, ಪಿತ್ತದ ಕಲ್ಲಿನಿಂದಲೋ ಬಂದಿದ್ದರೆ ಬರೆಯಿಂದ ಗಾಯ ಆಗುತ್ತದೆ, ಒಳಗಿನ ರೋಗ ಬೆಳೆಯುತ್ತದೆ. ಕಳೆದ ದಿನ ಮರಳಿ ಬರುವುದಿಲ್ಲ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಹೋಗಿ. ವಾಸ್ಕೋ ಕಡೆಯವರಿಗೆ ಚಿಖಲಿಯಲ್ಲಿ, ಉತ್ತರ ಗೋವಾದವರಿಗೆ ಮಾಪುಸಾದಲ್ಲಿ, ದಕ್ಷಿಣ ಗೋವಾದವರಿಗೆ ಮಡಗಾಂವದಲ್ಲಿ ಸರಕಾರಿ ಆಸ್ಪತ್ರೆ ಇದೆ. ದೊಡ್ಡ ಆಸ್ಪತ್ರೆ ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜು.

ರಕ್ತ ವಾಂತಿ, ಡಾಂಬರಿನಂತೆ ಕಪ್ಪು ಮಲ, ಹೊಟ್ಟೆ ಉಬ್ಬುವುದು, ಕಾಮಾಲೆಯಾದವರು ಅರ್ಥವಿಲ್ಲದೆ ಮಾತನಾಡುವುದು ಅಥವಾ ಎಬ್ಬಿಸಿದರೂ ಏಳದಿರುವುದು ಕಂಡರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ನೆನಪಿಡಿ

ಹೆಸರು, ನನ್ನ ಅಂಕಿ, ಮಿತಿ: ಚೀಟಿಯಲ್ಲಿ ಈ ಮೂರನ್ನು ನೋಡಿ.

ಕುಡಿತದ ವಿಷಯ ಡಾಕ್ಟರಿಗೆ ಮುಚ್ಚಿಡಬೇಡಿ.

ನೋವಿಲ್ಲ ಎಂದರೆ ರೋಗವಿಲ್ಲ ಎಂದು ಅರ್ಥವಲ್ಲ.

ಅಭ್ಯಾಸ

1. ತಮ್ಮನ ಚೀಟಿಯಲ್ಲಿ ಮಿತಿಯೊಳಗೆ ಇರುವ ಅಂಕಿ ಯಾವುದು?

2. ಮಿತಿಗಿಂತ ಕಡಿಮೆ ಇರುವುದು ಯಾವುದು?

3. ಬಿಟ್ಟ ಸ್ಥಳ ತುಂಬಿರಿ: ಮಗು ಹುಟ್ಟಿದ ______ ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು.

4. ಎರಡು ಬಾಟಲಿ ಬಿಯರಿನಲ್ಲಿ ಆಲ್ಕೋಹಾಲ್ ಸುಮಾರು ಎಷ್ಟು ಮಿಲಿ? ಲೆಕ್ಕ ಮಾಡಿ.

5. ನಿಮ್ಮ ಮನೆಯಲ್ಲಿ ಯಾರದಾದರೂ ರಕ್ತ ಪರೀಕ್ಷೆಯ ಚೀಟಿ ಇದೆಯೇ? ಮುಂದಿನ ತರಗತಿಗೆ ತನ್ನಿ. ಎಲ್ಲರೂ ಕೂಡಿ ಓದೋಣ.